ಕಾವಲುಗಾರನ ಬುತ್ತಿ

ರಾತ್ರಿ ಹನ್ನೊಂದು ದಾಟಿದ ಮೇಲೆ ಬೆಂಗಳೂರಿನ ಮಲ್ಲೇಶ್ವರದ ಯಾವುದಾದರೂ ಅಡ್ಡರಸ್ತೆಯಲ್ಲಿ ನಡೆದು ನೋಡಬೇಕು. ಮನೆಗಳ ದೀಪ ಆರಿರುತ್ತವೆ, ಬೀದಿನಾಯಿಗಳು ಮುದುರಿ ಮಲಗಿರುತ್ತವೆ. ಗೇಟಿನ ಹೊರಗೆ ಸಾಲಾಗಿ ನಿಂತ ಕಾರುಗಳ ಒಳಗೆ ಮಾತ್ರ ಒಂದೊಂದು ಕೆಂಪು ಚುಕ್ಕೆ ಮಿಣುಕುತ್ತಿರುತ್ತದೆ. ಎಂಜಿನ್ ತಣ್ಣಗಾಗಿದೆ, ಯಜಮಾನರು ನಿದ್ದೆಯಲ್ಲಿದ್ದಾರೆ, ಕಾರು ಎಚ್ಚರವಾಗಿದೆ. ಬಾಗಿಲಿನ ಸ್ವಿಚ್ಚು, ಬಾನೆಟ್ಟಿನ ಸ್ವಿಚ್ಚು, ಅದುರಿದರೆ ಹೇಳುವ ಶಾಕ್ ಸೆನ್ಸರು, ರಿಮೋಟಿನ ಕರೆಗೆ ಕಿವಿಗೊಟ್ಟ ರೇಡಿಯೋ, ಇಷ್ಟನ್ನೂ ಅಲಾರಂನ ಪುಟ್ಟ ಪೆಟ್ಟಿಗೆಯೊಂದು ಕ್ಷಣಕ್ಷಣವೂ ವಿಚಾರಿಸಿಕೊಳ್ಳುತ್ತಿರುತ್ತದೆ. ಆ ಎಚ್ಚರಕ್ಕೆ ಕರೆಂಟು ಬೇಕು. ಆ ಕರೆಂಟು ಬರುವುದು, ಬೆಳಿಗ್ಗೆ ಎಂಜಿನ್ ಎಬ್ಬಿಸಬೇಕಾದ ಅದೇ ಬ್ಯಾಟರಿಯಿಂದ.

ಈ ಲೆಕ್ಕ ಎಷ್ಟು ಬಿಗಿಯಾದದ್ದು ಎಂದು ಬಹಳ ಜನಕ್ಕೆ ತಿಳಿದದ್ದು 2020ರಲ್ಲಿ. ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಿತು. ಮೊದಲ ಲಾಕ್‌ಡೌನ್ 21 ದಿನದ್ದು. ಆಮೇಲೆ ಅದು ಬೆಳೆಯುತ್ತಲೇ ಹೋಯಿತು. ಬೇಸ್‌ಮೆಂಟುಗಳಲ್ಲಿ, ಹೊದಿಕೆಗಳ ಕೆಳಗೆ, ಕಾರುಗಳು ನಿಂತಲ್ಲೇ ನಿಂತವು. ಮತ್ತೆ ಕೀಲಿ ತಿರುಗಿಸುವ ದಿನ ಬಂದಾಗ ಎಷ್ಟೋ ಕಾರುಗಳಿಂದ ಕೇಳಿದ್ದು ಟಿಕ್ ಟಿಕ್ ಎಂಬ ಸದ್ದು ಮಾತ್ರ. ಸೆಲ್ಫ್ ಎತ್ತಲಿಲ್ಲ. ಅವುಗಳಲ್ಲಿ ಏನೂ ಕೆಟ್ಟಿರಲಿಲ್ಲ. ಕಾರನ್ನು ಕಾಯುತ್ತ ಕಾಯುತ್ತಲೇ ಬ್ಯಾಟರಿ ಬರಿದಾಗಿತ್ತು.

ಅದು ಹೇಗೆ ಬರಿದಾಯಿತು ಎಂಬುದನ್ನು ಕಾಗದದ ಮೇಲೆ ಕೂಡಿಸಿ ಕಳೆದು ನೋಡಬಹುದು. ಬೀಗ ಹಾಕಿ ನಿಂತ ಕಾರು ತನ್ನಷ್ಟಕ್ಕೆ ಎಳೆಯುವ ಕರೆಂಟು 20ರಿಂದ 50 ಮಿಲಿಆಂಪಿಯರಿನ ಒಳಗಿದ್ದರೆ ಸರಿ ಎಂದು ಎಲೆಕ್ಟ್ರಿಷಿಯನ್ನರು ಬಿಟ್ಟುಬಿಡುತ್ತಾರೆ. ಗಡಿಯಾರ, ಎಂಜಿನ್ ಕಂಪ್ಯೂಟರಿನ ನೆನಪು, ಸೆಂಟ್ರಲ್ ಲಾಕ್ ಎಲ್ಲವೂ ಅದರಲ್ಲಿ ಸೇರಿವೆ. ಕಾರಿನ ಪಾಲು 25, ಹೊರಗಿನಿಂದ ತಂದು ಹಾಕಿಸಿದ ಅಲಾರಂನ ಪಾಲು 25 ಎಂದಿಟ್ಟುಕೊಳ್ಳೋಣ. ಒಟ್ಟು 50 ಮಿಲಿಆಂಪಿಯರ್ ಅಂದರೆ ದಿನಕ್ಕೆ 1.2 ಆಂಪಿಯರ್-ಅವರ್. ಚಿಕ್ಕ ಪೆಟ್ರೋಲ್ ಕಾರಿನ ಬ್ಯಾಟರಿ ಹೊಸದರಲ್ಲಿ 35 ಆಂಪಿಯರ್-ಅವರಿನದು. ಅದರಲ್ಲಿ ಅರ್ಧ ಖಾಲಿಯಾದರೆ ಸೆಲ್ಫ್ ತಿರುಗುವುದು ಅನುಮಾನ. ಹದಿನೇಳೂವರೆಯನ್ನು 1.2ರಿಂದ ಭಾಗಿಸಿದರೆ ಹದಿನಾಲ್ಕೂವರೆ ದಿನ. ಬ್ಯಾಟರಿ ಮೂರು ವರ್ಷ ಹಳೆಯದಾಗಿದ್ದರೆ ಅದಕ್ಕೂ ಕಡಿಮೆ. ಇನ್ನು 21 ದಿನದ ಮಾತೆಲ್ಲಿ?

ಈ ಲೆಕ್ಕದಲ್ಲಿ ಬೆರಗಿನ ಸಂಗತಿ ಇನ್ನೊಂದಿದೆ. ಅಲಾರಂ ಎಂದಕೂಡಲೇ ಜನರಿಗೆ ನೆನಪಾಗುವುದು ಅದರ ಕೂಗು. ದೀಪಾವಳಿಯ ರಾತ್ರಿ ಮೂಲೆಮನೆಯ ಹುಡುಗರು ಲಕ್ಷ್ಮೀ ಪಟಾಕಿ ಹಚ್ಚಿದರೆ ಬೀದಿಯ ಅರ್ಧ ಕಾರುಗಳು ಒಟ್ಟಿಗೆ ಅರಚಿಕೊಳ್ಳುತ್ತವೆ. ಬ್ಯಾಟರಿ ತಿನ್ನುವುದು ಈ ಅರಚಾಟವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಸೈರನ್ ಎಳೆಯುವುದು ಸುಮಾರು 1.2 ಆಂಪಿಯರ್, ಒಂದು ಸಲಕ್ಕೆ ಕೂಗುವುದು ಅರ್ಧ ನಿಮಿಷ. ಅಂದರೆ ಒಂದು ಕೂಗಿನ ಖರ್ಚು 0.01 ಆಂಪಿಯರ್-ಅವರ್. ಸುಮ್ಮನೆ ಕಿವಿಗೊಟ್ಟು ಕೂತಿರುವುದಕ್ಕೆ ಅದೇ ಅಲಾರಂ ದಿನಕ್ಕೆ 0.6 ಆಂಪಿಯರ್-ಅವರ್ ತೆಗೆದುಕೊಳ್ಳುತ್ತದೆ. ಅರವತ್ತು ಸಲ ಕೂಗುವುದೂ ಒಂದು ದಿನ ಸುಮ್ಮನಿರುವುದೂ ಒಂದೇ. ಕಾವಲಿನ ಖರ್ಚೆಲ್ಲ ಕಾಯುವುದರಲ್ಲಿದೆ.

ಕಾರಿನ ಬ್ಯಾಟರಿ ಹುಟ್ಟಿದ್ದೇ ಇಂಥ ಕೆಲಸಕ್ಕಲ್ಲ. ಸೀಸ ಮತ್ತು ಆಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಕಟ್ಟಿದ್ದು 1859ರಲ್ಲಿ. ಅದಕ್ಕೆ ಕಾರಿನೊಳಗೆ ಕಾಯಂ ಜಾಗ ಸಿಕ್ಕಿದ್ದು ಅರ್ಧ ಶತಮಾನದ ಮೇಲೆ, ಅಮೆರಿಕದ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಮಾಡಿ, 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದಾಗ. ಅಂದಿನಿಂದ ಇಂದಿನವರೆಗೆ ಅದರ ಮುಖ್ಯ ಉದ್ಯೋಗ ಒಂದೇ: ಎರಡು ಮೂರು ಸೆಕೆಂಡಿನ ಮಟ್ಟಿಗೆ ನೂರೈವತ್ತು ಇನ್ನೂರು ಆಂಪಿಯರ್ ಸುರಿದು ಎಂಜಿನ್ ತಿರುಗಿಸುವುದು, ಕೂಡಲೇ ಆಲ್ಟರ್ನೇಟರಿನಿಂದ ಮತ್ತೆ ತುಂಬಿಸಿಕೊಳ್ಳುವುದು. ಒಂದೇ ಸಲಕ್ಕೆ ಅಷ್ಟು ಕರೆಂಟು ಕೊಡಬೇಕಾದ್ದರಿಂದ ಅದರೊಳಗಿನ ಸೀಸದ ಫಲಕಗಳನ್ನು ತೆಳ್ಳಗೆ, ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ನಿಧಾನವಾಗಿ, ಆಳಕ್ಕೆ ಬಸಿದು, ದಿನಗಟ್ಟಲೆ ಖಾಲಿ ಬಿಟ್ಟರೆ ಆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಹರಳು ಗಟ್ಟಿಯಾದ ಮೇಲೆ ಎಷ್ಟು ಚಾರ್ಜ್ ಹಾಕಿದರೂ ಹಳೆಯ ಕಸುವು ಮರಳುವುದಿಲ್ಲ. ಹಾಗಾಗಿ ಜಂಪ್ ಕೇಬಲ್ ಹಾಕಿ ಎಬ್ಬಿಸಿದ ಕಾರು ವಾರದೊಳಗೆ ಮತ್ತೆ ಕೈಕೊಡುವುದುಂಟು.

ಅಂಬಾಸಿಡರ್ ಕಾಲದಲ್ಲಿ ಬ್ಯಾಟರಿ ಡೌನ್ ಆಗುವುದು ದೊಡ್ಡ ಸಂಕಟವಾಗಿರಲಿಲ್ಲ. ಬಂಪರಿನ ತೂತಿಗೆ ಹ್ಯಾಂಡಲ್ ತೂರಿಸಿ ಹೊಡೆಯುತ್ತಿದ್ದರು. ಇಲ್ಲವಾದರೆ ನಾಲ್ಕು ಜನ ಸೇರಿ ತಳ್ಳುತ್ತಿದ್ದರು. ಈಗಿನ ಆಟೊಮ್ಯಾಟಿಕ್ ಗೇರಿನ ಕಾರನ್ನು ಊರೇ ಸೇರಿ ತಳ್ಳಿದರೂ ಎಂಜಿನ್ ಏಳುವುದಿಲ್ಲ. ಕೆಲವು ಕಾರುಗಳಲ್ಲಿ ಬ್ಯಾಟರಿ ಸತ್ತರೆ ಡಿಕ್ಕಿಯೇ ತೆರೆಯದು.

ಕಾವಲಿಗೆ ಇರುವ ಎರಡನೆಯ ತೊಂದರೆ ಕಳ್ಳನಿಂದ ಬರುವಂಥದ್ದು. ಹೊರಗಿನಿಂದ ಹಾಕಿಸಿದ ಅಲಾರಂ ಕಾರಿನ ಬ್ಯಾಟರಿಯನ್ನೇ ನೆಚ್ಚಿಕೊಂಡಿದ್ದರೆ, ಬ್ಯಾಟರಿಯ ಒಂದು ತಂತಿ ಕತ್ತರಿಸಿದರೆ ಸಾಕು, ಕಾವಲು ಮುಗಿಯಿತು. ಇಮೊಬಿಲೈಸರಿಗೆ ಈ ದೌರ್ಬಲ್ಯವಿಲ್ಲ. ಅದು ಕೀಲಿಯೊಳಗಿನ ಚಿಪ್ಪನ್ನು ಗುರುತಿಸಿದರೆ ಮಾತ್ರ ಎಂಜಿನ್ನಿಗೆ ಅಪ್ಪಣೆ ಕೊಡುತ್ತದೆ. ಕರೆಂಟೇ ಇಲ್ಲದಿದ್ದರೆ ಅಪ್ಪಣೆಯೂ ಇಲ್ಲ. ಬ್ರಿಟನ್ನು 1998ರಲ್ಲಿ ಹೊಸ ಕಾರುಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿತು. ಆದರೆ ಇಮೊಬಿಲೈಸರು ಕೂಗಿ ಕರೆಯುವುದಿಲ್ಲ, ಗಾಜು ಒಡೆದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗುವವನನ್ನು ತಡೆಯುವುದೂ ಇಲ್ಲ. ಕೂಗುವವರು ಬೇಕೇ ಬೇಕು, ಮತ್ತು ಕೂಗುವವರಿಗೆ ಯಾರೂ ಕಸಿದುಕೊಳ್ಳಲಾರದ ಬುತ್ತಿಯೊಂದು ಬೇಕು. ಎರಡನೆಯ ಬ್ಯಾಟರಿ ಎಂದರೆ ಆ ಬುತ್ತಿ.

ಇಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಭಯ ಯಾವುದರದು ಎಂಬುದನ್ನು. ಕಳ್ಳನ ಭಯವೋ, ದೀರ್ಘ ರಜೆಯ ಭಯವೋ? ಎರಡಕ್ಕೂ ಎರಡನೆಯ ಬ್ಯಾಟರಿಯೇ ಉತ್ತರವಾದರೂ ಜೋಡಣೆ ಬೇರೆ, ಅಳತೆ ಬೇರೆ. ಇದನ್ನು ವಿಂಗಡಿಸದೆ ದುಡ್ಡು ಹಾಕುವವರೇ ಹೆಚ್ಚು.

ಕಳ್ಳನ ಭಯಕ್ಕಾದರೆ ಚಿಕ್ಕದು ಸಾಕು. ಕಂಪ್ಯೂಟರಿನ ಯುಪಿಎಸ್ ಒಳಗೆ ಕೂರುವ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ಎಲ್ಲ ಊರಿನ ಅಂಗಡಿಗಳಲ್ಲೂ ಸಿಗುತ್ತದೆ. ಮುಚ್ಚಿದ ಬ್ಯಾಟರಿ, ನೀರು ಹಾಕುವ ರಗಳೆಯಿಲ್ಲ, ಆಮ್ಲ ಚೆಲ್ಲುವುದಿಲ್ಲ. ದೊಡ್ಡ ಬ್ಯಾಟರಿಯಿಂದ ಒಂದು ಡಯೋಡು, ಚಿಕ್ಕದರಿಂದ ಇನ್ನೊಂದು ಡಯೋಡು ಅಲಾರಂನ ಲೈನಿಗೆ ಬಂದು ಸೇರುತ್ತವೆ. ಡಯೋಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಧನವಾದ್ದರಿಂದ ಯಾವ ಕಡೆ ವೋಲ್ಟೇಜು ಹೆಚ್ಚೋ ಆ ಕಡೆಯಿಂದ ಅಲಾರಂಗೆ ಆಹಾರ ಬರುತ್ತದೆ. ದೊಡ್ಡದರ ತಂತಿಯನ್ನು ಯಾರಾದರೂ ಕತ್ತರಿಸಿದ ಕ್ಷಣದಲ್ಲೇ, ನಡುವೆ ತಡವರಿಸದೆ, ಚಿಕ್ಕದು ಹೆಗಲು ಕೊಡುತ್ತದೆ. ಕತ್ತರಿಸಿದ ತುದಿಯನ್ನು ಕಳ್ಳ ಬಾಡಿಗೆ ತಾಗಿಸಿ ಶಾರ್ಟ್ ಮಾಡಿದರೂ ಚಿಕ್ಕದರ ಕರೆಂಟು ಹಿಂದಕ್ಕೆ ಹರಿದು ಪೋಲಾಗದು. ಈ ಪುಟ್ಟ ಜೋಡಣೆಯಲ್ಲಿ ಅಷ್ಟು ಮುಂದಾಲೋಚನೆ ಅಡಗಿದೆ.

ಆದರೆ ಈ ಏಳು ಆಂಪಿಯರ್-ಅವರಿನ ಬ್ಯಾಟರಿಯ ಮೇಲೆ ಇಡೀ ಅಲಾರಂ ಹೊರಿಸಿ, ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಅಮೆರಿಕಕ್ಕೆ ಹೋಗುವ ದಂಪತಿಗೆ ಅದು ನೆರವಾಗುವುದಿಲ್ಲ. ದಿನಕ್ಕೆ 0.6ರಂತೆ ಅದು ಹನ್ನೆರಡನೆಯ ದಿನಕ್ಕೇ ಬರಿದಾಗಿರುತ್ತದೆ. ರಜೆಯ ಭಯವಿರುವವರು ಡಿಕ್ಕಿಯಲ್ಲಿ 26 ಆಂಪಿಯರ್-ಅವರಿನಷ್ಟಾದರೂ ದೊಡ್ಡ, ದಪ್ಪ ಫಲಕದ, ಆಳಕ್ಕೆ ಬಸಿದರೂ ತಾಳುವ ಬ್ಯಾಟರಿ ಇಡಬೇಕು. ಆಗ ಅರ್ಧ ಖಾಲಿಯಾಗಲು ಮೂರು ವಾರ, ಪೂರ್ತಿ ಬರಿದಾಗಲು ಆರು ವಾರ. ಅಷ್ಟು ದಿನ ಎಂಜಿನ್ನಿನ ಬ್ಯಾಟರಿ ತನ್ನ ಕಾರಿನ ಚಿಲ್ಲರೆ ಖರ್ಚನ್ನಷ್ಟೇ ನೋಡಿಕೊಂಡಿರುತ್ತದೆ, ಅದರ ಹದಿನಾಲ್ಕೂವರೆ ದಿನ ಇಪ್ಪತ್ತೊಂಬತ್ತಾಗುತ್ತದೆ. ಎರಡು ತಿಂಗಳಿಗೆ ಅದೂ ಸಾಲದು. ಬೇಸ್‌ಮೆಂಟಿನಲ್ಲಿ ಪ್ಲಗ್ಗು ಇದ್ದರೆ ಬ್ಯಾಟರಿ ತುಂಬಿದ ಮೇಲೆ ತಾನೇ ಕೈತಗ್ಗಿಸುವ ಸಣ್ಣ ಚಾರ್ಜರ್, ಬಯಲಲ್ಲಿ ನಿಲ್ಲುವ ಕಾರಾದರೆ 10 ವ್ಯಾಟಿನ ಸೋಲಾರ್ ಫಲಕ, ಇವೇ ನಿಜವಾದ ಪರಿಹಾರ. ಎರಡನೆಯ ಬ್ಯಾಟರಿ ಮಾರುವವರು ಇದನ್ನೂ ಬಾಯಿಬಿಟ್ಟು ಹೇಳಬೇಕು.

ಎರಡು ಬ್ಯಾಟರಿ ಇಡುವುದೇನೂ ದೊಡ್ಡ ವಿದ್ಯೆಯಲ್ಲ. ಎಂಜಿನ್ ಓಡುವಾಗ ಅವೆರಡನ್ನೂ ಸೇರಿಸಿ, ನಿಂತಾಗ ಬೇರೆ ಮಾಡುವುದು ವಿದ್ಯೆ. ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆದುಕೊಂಡು ಹೋಗುವವರು, ಆಸ್ಟ್ರೇಲಿಯಾದ ಒಳನಾಡಿನಲ್ಲಿ ಜೀಪಿನ ಹಿಂದೆ ಫ್ರಿಜ್ ಕಟ್ಟಿಕೊಂಡು ವಾರಗಟ್ಟಲೆ ಅಲೆಯುವವರು ಇದನ್ನು ಚೆನ್ನಾಗಿ ಪಳಗಿಸಿದ್ದಾರೆ. ರಾತ್ರಿಯೆಲ್ಲ ಫ್ರಿಜ್ ಓಡಬೇಕು, ಆದರೆ ಬೆಳಿಗ್ಗೆ ಎಂಜಿನ್ನೂ ಏಳಬೇಕು. ಅಲ್ಲಿ ನೂರಾರು ಮೈಲಿ ಆಚೀಚೆ ತಳ್ಳುವವರಿರುವುದಿಲ್ಲ.

ಅವರು ಬಳಸುವ ಸಾಧನಗಳಲ್ಲಿ ಹಳೆಯದು ದಪ್ಪ ಡಯೋಡಿನ ಐಸೊಲೇಟರು. ಅದರಲ್ಲಿ ಅಲುಗುವ ಭಾಗವಿಲ್ಲ, ಸವೆಯುವುದಿಲ್ಲ. ಆದರೆ ಸಾಮಾನ್ಯ ಸಿಲಿಕಾನ್ ಡಯೋಡು ತನ್ನ ಸುಂಕವೆಂದು 0.6, 0.7 ವೋಲ್ಟು ಇಟ್ಟುಕೊಳ್ಳುತ್ತದೆ. ಆಲ್ಟರ್ನೇಟರ್ 14.2 ಕಳಿಸಿದರೆ ಆ ಕಡೆ ತಲುಪುವುದು ಹದಿಮೂರೂವರೆ. ಸೀಸದ ಬ್ಯಾಟರಿ ಆ ವೋಲ್ಟೇಜಿನಲ್ಲಿ ಬೇಗ ತುಂಬುವುದಿಲ್ಲ. ದಿನವೂ ಹತ್ತು ಹದಿನೈದು ನಿಮಿಷ ಮಾತ್ರ ಓಡುವ ಊರಿನ ಕಾರಿನಲ್ಲಂತೂ ಅದು ಸದಾ ಅರೆಹೊಟ್ಟೆಯಲ್ಲಿರುತ್ತದೆ. ಎರಡನೆಯದು ರಿಲೇ. ನಮ್ಮ ಆಟೋ ಎಲೆಕ್ಟ್ರಿಷಿಯನ್ನರು ಹಾರನ್ನಿಗೂ ಹೆಡ್‌ಲೈಟಿಗೂ ಹಾಕುವ, ಕಾಲುಗಳ ಮೇಲೆ 30, 85, 86, 87 ಎಂದು ಬರೆದಿರುವ ಅದೇ ಕರಿಯ ಡಬ್ಬಿ. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಎಡವುವುದು ಅದರ ಕಾಯಿಲಿಗೆ ಎಲ್ಲಿಂದ ಲೈನ್ ಕೊಡುತ್ತಾರೆ ಎಂಬಲ್ಲಿ. ಇಗ್ನಿಷನ್ನಿನಿಂದ ಕೊಟ್ಟರೆ ಕೀಲಿ ಅರ್ಧ ತಿರುಗಿಸಿದಾಗಲೇ ಎರಡೂ ಬ್ಯಾಟರಿ ಕೂಡಿಕೊಳ್ಳುತ್ತವೆ. ಮರುಕ್ಷಣ ಸೆಲ್ಫ್ ಹೊಡೆದರೆ ಆ ಇನ್ನೂರು ಆಂಪಿಯರಿನ ಸೆಳೆತದಲ್ಲಿ ಒಂದು ಪಾಲು ಚಿಕ್ಕ ಬ್ಯಾಟರಿಯ ಸಣ್ಣ ತಂತಿಯಲ್ಲಿ ಬಂದು ಫ್ಯೂಸ್ ಹಾರಿಸುತ್ತದೆ. ಫ್ಯೂಸ್ ಇಲ್ಲದಿದ್ದರೆ ತಂತಿಯನ್ನೇ ಸುಡುತ್ತದೆ. ಆಲ್ಟರ್ನೇಟರು ಕೆಲಸ ಶುರುಮಾಡಿದ ಮೇಲೆ ಬರುವ ಲೈನಿನಿಂದ ಕೊಟ್ಟರೆ ಈ ಅಪಾಯವಿಲ್ಲ.

ವೋಲ್ಟೇಜು ನೋಡಿ ತಾನೇ ನಿರ್ಧರಿಸುವ ರಿಲೇ ಇನ್ನೂ ಜಾಣ. ಎಂಜಿನ್ ಓಡಿ ವೋಲ್ಟೇಜು 13.3 ದಾಟಿದರೆ ಬ್ಯಾಟರಿಗಳನ್ನು ಕೂಡಿಸುತ್ತದೆ, 12.8ಕ್ಕೆ ಇಳಿದರೆ ಅಗಲಿಸುತ್ತದೆ. ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯ ವೋಲ್ಟೇಜು 12.6, 12.7 ಎಂದು ನೆನೆದರೆ ಈ ಅಂಕಿಗಳನ್ನು ಯಾಕೆ ಹೀಗೆ ಆರಿಸಿದರೆಂದು ಹೊಳೆಯುತ್ತದೆ. ಕಾರಿನ ಯಾವ ಹಳೆಯ ವೈರನ್ನೂ ಕತ್ತರಿಸಬೇಕಿಲ್ಲ ಎಂಬುದು ಇದರ ದೊಡ್ಡ ಗುಣ.

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಈ ಜಾಣ ರಿಲೇಯೂ ಕೆಲವು ಕಾರುಗಳಲ್ಲಿ ಗಲಿಬಿಲಿಗೊಳ್ಳುತ್ತದೆ. ಹೊಗೆ ಕಡಿಮೆ ಮಾಡಲು, ಇಂಧನ ಉಳಿಸಲು ಕಂಪ್ಯೂಟರು ಆಲ್ಟರ್ನೇಟರಿನ ಕಿವಿ ಹಿಂಡುತ್ತಿರುತ್ತದೆ. ಹೆದ್ದಾರಿಯಲ್ಲಿ ಸಲೀಸಾಗಿ ಓಡುವಾಗ ವೋಲ್ಟೇಜನ್ನು ಹನ್ನೆರಡೂವರೆಗೆ ಇಳಿಸಿ, ಬ್ರೇಕ್ ಹಾಕಿದಾಗ ಹದಿನೈದರ ಹತ್ತಿರಕ್ಕೆ ಏರಿಸುವುದೂ ಉಂಟು. ಎಂಜಿನ್ ನಿಂತಿದೆ ಎಂದು ತಿಳಿದ ರಿಲೇ ಬ್ಯಾಟರಿಗಳನ್ನು ಬಿಡಿಸಿಬಿಡುತ್ತದೆ. ಇಂಥ ಕಾರಿಗೆ ಒಳಬರುವ ವೋಲ್ಟೇಜು ಎಷ್ಟೇ ಇರಲಿ ಹೊರಗೆ ಸರಿಯಾದ ಅಳತೆಯನ್ನೇ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಅದು ದುಬಾರಿ. ಆದರೂ ಹೊಸ ಕಾರಿಗೆ ಬೇರೆ ದಾರಿ ತೋರಿಸುವುದು ಗಿರಾಕಿಗೆ ಮಾಡುವ ಅನ್ಯಾಯ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ, ಅಲಂಕಾರದ ಅಂಗಡಿಗಳು ಸಾಲುಗಟ್ಟಿವೆ. ಅಲ್ಲಿ ಫುಟ್‌ಪಾತಿನ ಅಂಚಿಗೆ ಕಾರು ನಿಲ್ಲಿಸಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ, ಬಾಯಲ್ಲಿ ಇನ್ಸುಲೇಷನ್ ಟೇಪು ಕಚ್ಚಿಕೊಂಡು ಕೆಲಸ ಮಾಡುವ ಹುಡುಗರ ಕೈಚಳಕ ನೋಡುವಂಥದ್ದು. ಯಾವ ಕಾರಿನಲ್ಲಿ ಬಾಗಿಲಿನ ಲೈನ್ ಯಾವ ಬಣ್ಣದ್ದು ಎಂಬುದು ಅವರಿಗೆ ಬಾಯಿಪಾಠ. ಎರಡನೆಯ ಬ್ಯಾಟರಿ ಕೂರಿಸುವಾಗ ಮಾತ್ರ ಅವಸರ ಕೂಡದು, ಏಕೆಂದರೆ ಇಲ್ಲಿಯ ತಂತಿ ಉಳಿದ ತಂತಿಗಳಂತಲ್ಲ. ಹಾರನ್ನಿನ ವೈರಿಗೆ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ಹಾರನ್ನು. ಇದಕ್ಕಾದರೋ ಎರಡೂ ತುದಿಯಲ್ಲಿ ಬ್ಯಾಟರಿ. ನಡುವೆ ಎಲ್ಲಾದರೂ ಸಿಪ್ಪೆ ಸವೆದು ಬಾಡಿಗೆ ತಾಗಿದರೆ ಬೆಂಕಿ ಎರಡು ಕಡೆಯಿಂದಲೂ ಬರುತ್ತದೆ. ಒಂದು ಕಡೆ ಫ್ಯೂಸ್ ಹಾಕಿದರೆ ಇನ್ನೊಂದು ಕಡೆ ಬೆತ್ತಲೆ. ಎರಡೂ ಬ್ಯಾಟರಿಗಳ ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಒಂದೊಂದು ಫ್ಯೂಸ್ ಇರಲೇಬೇಕು. ಎಂಜಿನ್ ಕಡೆಯಿಂದ ಒಳಕ್ಕೆ ತಂತಿ ತೂರುವ ತಗಡಿನ ತೂತಿಗೆ ರಬ್ಬರಿನ ಗ್ರಾಮೆಟ್ ಹಾಕಲೇಬೇಕು. ಇವೆರಡನ್ನು ಬಿಟ್ಟ ಕೆಲಸವನ್ನು, ಎಷ್ಟೇ ಅಂದವಾಗಿ ಟೇಪು ಸುತ್ತಿದ್ದರೂ, ಒಪ್ಪಿಕೊಳ್ಳಬಾರದು.

ಬ್ಯಾಟರಿ ಇಡುವ ಜಾಗವೂ ಮುಖ್ಯ. ಎಂಜಿನ್ ಪಕ್ಕದಲ್ಲಿ ಖಾಲಿ ಜಾಗವಿದೆಯೆಂದು ಅಲ್ಲಿಟ್ಟರೆ ಕಳ್ಳನಿಗೆ ಎರಡೂ ಒಂದೇ ಕಡೆ ಸಿಗುತ್ತವೆ. ಜತೆಗೆ ಕಾವು ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನಲ್ಲಿ ನೆಚ್ಚಿಕೊಂಡ ಲೆಕ್ಕ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ನಿಂತ ಕಾರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಸೀಟಿನ ಕೆಳಗೋ, ಡಿಕ್ಕಿಯ ಪಕ್ಕದ ಗೂಡಿನಲ್ಲೋ, ಕಬ್ಬಿಣದ ಪಟ್ಟಿ ಬಿಗಿದು ಕೂರಿಸುವುದು ಒಳ್ಳೆಯದು. ಒಳಗಿಡುವುದಾದರೆ ಮುಚ್ಚಿದ ಬ್ಯಾಟರಿಯೇ ಆಗಬೇಕು. ನೀರು ಹಾಕುವ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಒಂದು ಕಿಡಿ ಸಾಕು.

ಯಾವುದನ್ನು ಈ ಬುತ್ತಿಯಿಂದ ದೂರವಿಡಬೇಕೆಂದೂ ತಿಳಿದಿರಬೇಕು. ಅಲಾರಂ ಕೂಗುವಾಗ ಇಂಡಿಕೇಟರುಗಳೂ ಮಿನುಗುತ್ತವಲ್ಲ, ಅವು 21 ವ್ಯಾಟಿನ ನಾಲ್ಕು ಬಲ್ಬು. ಹೊತ್ತಿದಷ್ಟು ಹೊತ್ತು ಏಳು ಆಂಪಿಯರ್ ಎಳೆಯುತ್ತವೆ. ಅವನ್ನೂ ಬಾಗಿಲ ಲಾಕಿನ ಮೋಟಾರುಗಳನ್ನೂ ದೊಡ್ಡ ಬ್ಯಾಟರಿಗೇ ಬಿಟ್ಟು, ಚಿಕ್ಕದಕ್ಕೆ ಅಲಾರಂನ ಪೆಟ್ಟಿಗೆ ಮತ್ತು ಸೈರನ್ ಎರಡನ್ನೇ ಒಪ್ಪಿಸಬೇಕು.

ಇಷ್ಟೆಲ್ಲ ಬೇಡ ಎನ್ನುವವರಿಗೆ ಸರಳವಾದ ಉಪಾಯವಿದೆ. ತನ್ನ ಹೊಟ್ಟೆಯಲ್ಲೇ ಪುಟ್ಟ ಬ್ಯಾಟರಿ ಇಟ್ಟುಕೊಂಡ ಸೈರನ್. ಬ್ರಿಟನ್ನಿನ ವಿಮಾ ಕಂಪನಿಗಳು ಮನ್ನಿಸುವ ಥ್ಯಾಚಮ್ ಸಂಸ್ಥೆಯ ಮೊದಲ ದರ್ಜೆಯ ಅಲಾರಂಗೆ ಇಂಥ ಸೈರನ್ ಇರಲೇಬೇಕು. ಊರೊಳಗೆ ದಿನವೂ ಓಡುವ ಕಾರಿಗೆ ಇದು ಧಾರಾಳ ಸಾಕು. ಇದಕ್ಕೂ ವಯಸ್ಸಾಗುತ್ತದೆ. ವರ್ಷಗಳು ಕಳೆದಂತೆ ಒಳಗಿನ ಸೆಲ್ಲುಗಳು ಸೋರಿ ಸರ್ಕ್ಯೂಟನ್ನು ತಿನ್ನುತ್ತವೆ, ಸೈರನ್ ಕಾರಣವಿಲ್ಲದೆ ನಡುರಾತ್ರಿ ಅಳತೊಡಗುತ್ತದೆ. ಕೆಲವು ಸೈರನ್ನುಗಳ ಮೈಮೇಲೆ ಅದಕ್ಕೇ ಒಂದು ಪ್ರತ್ಯೇಕ ಕೀಲಿಯ ತೂತು ಇರುತ್ತದೆ. ಆ ಕೀಲಿಯನ್ನು ಮನೆಯಲ್ಲಿ ಎಲ್ಲಿಟ್ಟಿದ್ದೇವೆಂದು ನೆನಪಿಟ್ಟುಕೊಂಡವರ ನೆರೆಹೊರೆಯವರೇ ಪುಣ್ಯವಂತರು.

ಕಾರು ತಯಾರಕರೂ ಎರಡು ಬ್ಯಾಟರಿಯ ದಾರಿಗೆ ಬಂದಿದ್ದಾರೆ. 2001ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್ ಕಾರಿನಲ್ಲಿ ಎಂಜಿನ್ ಎಬ್ಬಿಸಲು ಒಂದು ಬ್ಯಾಟರಿ, ಉಳಿದೆಲ್ಲದಕ್ಕೂ ಡಿಕ್ಕಿಯಲ್ಲಿ ಇನ್ನೊಂದು. ವಿದ್ಯುತ್ ಕಾರುಗಳಲ್ಲೂ, ಮೈತುಂಬ ದೊಡ್ಡ ಬ್ಯಾಟರಿ ಹೊತ್ತಿದ್ದರೂ, ಬೀಗ, ದೀಪ, ಕಂಪ್ಯೂಟರುಗಳಿಗೆಂದು 12 ವೋಲ್ಟಿನ ಪುಟ್ಟದೊಂದು ಬೇರೆಯೇ ಇರುತ್ತದೆ. ಅದು ಬರಿದಾದರೆ ನೂರಾರು ಕಿಲೋಮೀಟರ್ ಓಡುವಷ್ಟು ಕಸುವು ಒಳಗಿದ್ದೂ ಕಾರು ಬಾಗಿಲು ತೆರೆಯದೆ ನಿಲ್ಲಬಹುದು.

ಎರಡನೆಯ ಬ್ಯಾಟರಿ ಕೂರಿಸುವ ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿಸದೆ ಕಾರು ತರಬಾರದು. ಅಲಾರಂ ಹಾಕಿ, ಬಾನೆಟ್ ಎತ್ತಿ, ದೊಡ್ಡ ಬ್ಯಾಟರಿಯ ಟರ್ಮಿನಲ್ ಕಳಚಿದಾಗ ಸೈರನ್ ಕೂಗಬೇಕು ಮತ್ತು ಕೂಗುತ್ತಲೇ ಇರಬೇಕು. ಆಮೇಲೆ ಎಂಜಿನ್ ಓಡಿಸಿ ಚಿಕ್ಕ ಬ್ಯಾಟರಿಗೆ ಮೀಟರ್ ಹಿಡಿದರೆ ವೋಲ್ಟೇಜು ಏರಬೇಕು. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಎರಡೂ ಬೇರೆಯಾಗಿರಬೇಕು. ಇದನ್ನು ಹಗಲಲ್ಲೇ ಮಾಡುವುದು ಮರ್ಯಾದೆ. ಕೊನೆಗೆ, ಎರಡನೆಯ ಬ್ಯಾಟರಿ ಎಲ್ಲಿದೆ, ಅದರ ಫ್ಯೂಸ್ ಎಲ್ಲಿದೆ, ಯಾವ ತಿಂಗಳು ಹಾಕಿದ್ದು ಎಂದು ಕನ್ನಡದಲ್ಲೇ ನಾಲ್ಕು ಸಾಲು ಬರೆದು ಸರ್ವೀಸ್ ಪುಸ್ತಕದೊಳಗೆ ಅಂಟಿಸಬೇಕು, ಬಾನೆಟ್ಟಿನ ಕೆಳಗಲ್ಲ. ಇನ್ನು ಮೂರು ವರ್ಷಕ್ಕೆ ಬೇರೆ ಊರಿನ ಮೆಕ್ಯಾನಿಕ್ ಒಬ್ಬ ಟರ್ಮಿನಲ್ ಕಳಚಿ, ಕಾರಿನಲ್ಲಿ ಈಗ ಕರೆಂಟೇ ಇಲ್ಲವೆಂದು ನಂಬಿ ವೈರಿಗೆ ಕೈ ಹಾಕುವವನಿರುತ್ತಾನೆ. ಆ ಚೀಟಿ ಅವನಿಗಾಗಿ.